ಶೋಕಗೀತೆಯ ಕವಿ, ಪಕ್ಷದ ಪತ್ರಿಕೆಯ ಸಂಪಾದಕಿ: ಉಜ್ಬೆಕಿಸ್ತಾನದ ಜುಲ್ಫಿಯಾ ಪ್ರಕರಣ

1944ರ ಜುಲೈ 3ರಂದು ತಾಶ್ಕೆಂಟ್‌ನಲ್ಲಿ ನಡೆದ ಕಾರು ಅಪಘಾತದಲ್ಲಿ ಉಜ್ಬೆಕ್ ಕವಿ ಹಮಿದ್ ಓಲಿಮ್‌ಜಾನ್ ತೀರಿಕೊಂಡರು. ಆಗ ಅವರಿಗೆ 34 ವರ್ಷ. 1939ರಿಂದ ಉಜ್ಬೆಕ್ ಲೇಖಕರ ಸಂಘದ ಅಧ್ಯಕ್ಷಗಿರಿ ಅವರದೇ ಆಗಿತ್ತು. ಹೆಂಡತಿ ಜುಲ್ಫಿಯಾಗೆ 29. ಮಗಳು ಹುಲ್ಕರ್, ಮಗ ಓಮೊನ್ ಇನ್ನೂ ಚಿಕ್ಕವರು. ಜುಲ್ಫಿಯಾ ಕೂಡ ಕವಿ, ಹೊಟ್ಟೆಪಾಡಿಗೆ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿ. ಅವರು ಮತ್ತೆ ಮದುವೆಯಾಗಲಿಲ್ಲ. ಗಂಡನನ್ನು ಕುರಿತ ಕವಿತೆಗಳನ್ನು ಮುಂದಿನ ಹಲವು ದಶಕ ಬರೆಯುತ್ತಲೇ ಹೋದರು. 1953ರಲ್ಲಿ, ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಉಜ್ಬೆಕ್ ಗಣರಾಜ್ಯದ ಮಹಿಳಾ ಮಾಸಪತ್ರಿಕೆಯ ಪ್ರಧಾನ ಸಂಪಾದಕಿಯಾಗಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಆ ಕುರ್ಚಿಯಲ್ಲಿ ಉಳಿದರು.

ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಹೇಳುವುದು ರೂಢಿ. ಮೆಚ್ಚುವವರು ಶೋಕಗೀತೆಗಳ ಬಗ್ಗೆ ಬರೆಯುತ್ತಾರೆ, ಟೀಕಿಸುವವರು ಪದಕಗಳ ಪಟ್ಟಿ ಕೊಡುತ್ತಾರೆ. ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಆ ವಿಂಗಡಣೆ ನಿಲ್ಲುವುದಿಲ್ಲ. ಶೋಕಗೀತೆ ಕೊಟ್ಟ ಜನಪ್ರೀತಿ ಅವರನ್ನು ಆ ಕುರ್ಚಿಗೆ ಅರ್ಹರನ್ನಾಗಿಸಿತು. ಆ ಕುರ್ಚಿ ಶೋಕಗೀತೆಗಳಿಗೆ ನೆರಳಾಯಿತು. ಇದಕ್ಕೆ ತೆತ್ತ ಬೆಲೆ ಅವರ ಉಳಿದ ಕವಿತೆಗಳಲ್ಲಿ ಕಾಣುತ್ತದೆ.

ಎರಕದವರ ಕೇರಿಯ ಹುಡುಗಿ

ಜುಲ್ಫಿಯಾ ಇಸ್ರಾಯಿಲೋವಾ ಹುಟ್ಟಿದ್ದು 1915ರ ಮಾರ್ಚ್ 1ರಂದು, ಹಳೆ ತಾಶ್ಕೆಂಟ್‌ನ ದೆಗ್ರೆಜ್ ಮೊಹಲ್ಲಾದಲ್ಲಿ. ಅದು ಕಬ್ಬಿಣದ ಎರಕ ಹೊಯ್ಯುವವರ ಕೇರಿ. ತಂದೆಯದೂ ಅದೇ ಕಸುಬು. ಅವರಿಗೆ 12 ತುಂಬಿದ ವಾರದಲ್ಲೇ, 1927ರ ಮಾರ್ಚ್ 8ರಂದು, ಸೋವಿಯತ್ ಸರ್ಕಾರ 'ಹುಜುಮ್' ಎಂಬ ಆಂದೋಲನ ಶುರುಮಾಡಿತು. ಮೈತುಂಬ ಹೊದೆಯುವ ಪರಂಜಿ, ಮುಖದ ಮೇಲೆ ಇಳಿಬಿಡುವ ಕುದುರೆಕೂದಲಿನ ಪರದೆ, ಎರಡನ್ನೂ ಚೌಕದಲ್ಲಿ ರಾಶಿ ಹಾಕಿ ಸುಡಿಸಿದರು. ಮನೆಯೊಳಗಿಂದ ಅದಕ್ಕೆ ಬಂದ ಉತ್ತರ ಭೀಕರವಾಗಿತ್ತು. ರಂಗಭೂಮಿಯ ಗಾಯಕಿ ತುರ್ಸುನೊಯ್ ಸೈದಾಜಿಮೋವಾರನ್ನು 1928ರಲ್ಲಿ ಗಂಡನೇ ಕೊಂದ. ವೇದಿಕೆಯಲ್ಲಿ ಕುಣಿದ ನುರ್‌ಖಾನ್ ಯುಲ್ದಾಶೆವಾರನ್ನು 1929ರಲ್ಲಿ ಒಡಹುಟ್ಟಿದ ಅಣ್ಣ ಇರಿದ. ಹೆಸರು ದಾಖಲಾಗದೆ ಸತ್ತವರು ಇನ್ನೂ ಬಹಳ.

ಹೆಣ್ಣೊಬ್ಬಳು ಸ್ವಂತ ಹೆಸರಿನಲ್ಲಿ ಪದ್ಯ ಅಚ್ಚು ಹಾಕಿಸುವುದು ಎಂಥ ಹೆಜ್ಜೆ ಎಂದು ತಿಳಿಯಲು ಈ ಹಿನ್ನೆಲೆ ಬೇಕು. 1931ರಲ್ಲಿ 'ಇಶ್ಚಿ' (ಕಾರ್ಮಿಕ) ಪತ್ರಿಕೆಯಲ್ಲಿ ಜುಲ್ಫಿಯಾ ಅವರ ಮೊದಲ ಕವಿತೆ ಬಂತು. ತಾನು ಕಾರ್ಮಿಕನ ಮಗಳು ಎಂದು ಸಾರುವ ಕವಿತೆ ಅದು. ಮರುವರ್ಷ ಮೊದಲ ಸಂಕಲನ 'ಹಯೋತ್ ವರಕ್ಲರಿ' (ಬದುಕಿನ ಪುಟಗಳು) ಹೊರಬಂತು. ವಯಸ್ಸು 17. ಆ ಪುಸ್ತಕದ ಕವಿತೆಗಳು ಆ ಕಾಲದ ಘೋಷಣೆಗಳಿಂದ ಹೆಚ್ಚೇನೂ ದೂರವಿಲ್ಲ. ಅವರ ಕಾವ್ಯದ ಪರಿಚಯಕ್ಕೆ ಅಲ್ಲಿಂದ ತೊಡಗಿದವರು ಬೇಗ ಬೇಸತ್ತು ಕೈಬಿಡುವ ಸಂಭವವೇ ಹೆಚ್ಚು.

ಮಹಿಳಾ ಶಿಕ್ಷಕಿಯರ ತರಬೇತಿ ಶಾಲೆ, 1935ರಲ್ಲಿ ಓಲಿಮ್‌ಜಾನ್ ಜೊತೆ ಮದುವೆ, ಭಾಷೆ ಮತ್ತು ಸಾಹಿತ್ಯ ಸಂಸ್ಥೆಯಲ್ಲಿ 1938ರವರೆಗೆ ಸಂಶೋಧನೆ. ಆ ವರ್ಷಗಳಲ್ಲೇ ಸ್ಟಾಲಿನ್ ಆಡಳಿತದವರು ಉಜ್ಬೆಕ್ ಸಾಹಿತ್ಯದ ತಲೆಯನ್ನೇ ಕಡಿದುಹಾಕಿದರು. ಕಾದಂಬರಿಕಾರ ಅಬ್ದುಲ್ಲಾ ಕಾದಿರಿ, ಕವಿ ಚೊಲ್ಪಾನ್, ವಿದ್ವಾಂಸ ಫಿತ್ರತ್ ಮೂವರನ್ನೂ 1938ರ ಅಕ್ಟೋಬರ್ 4ರಂದು ಗುಂಡಿಕ್ಕಿ ಕೊಂದರು. 1925ರಲ್ಲಿ ಶುರುವಾದ ಮೊದಲ ಉಜ್ಬೆಕ್ ಮಹಿಳಾ ಪತ್ರಿಕೆ 'ಯಂಗಿ ಯೋಲ್' (ಹೊಸ ಹಾದಿ) ನಡೆಸಿದ್ದ ಸೊಬಿರಾ ಖೊಲ್ದೊರೋವಾ 1937ರಲ್ಲಿ ಬಂಧನಕ್ಕೊಳಗಾಗಿ ಕೈದಿಗಳ ಶಿಬಿರ ಸೇರಿದರು. ಆ ಪತ್ರಿಕೆಯ ಸಂತತಿಯೇ, ಹೆಸರು ಬದಲಿಸುತ್ತ ಬದಲಿಸುತ್ತ, 1950ರಲ್ಲಿ 'ಉಜ್ಬೆಕಿಸ್ತಾನದ ಮಹಿಳೆಯರು' ಎಂದಾಗಿ, 1965ರಲ್ಲಿ 'ಸಾದತ್' (ಸುಖ, ಸೌಭಾಗ್ಯ) ಎಂಬ ಹೆಸರು ಪಡೆಯಿತು. ಜುಲ್ಫಿಯಾ ಕೂತ ಕುರ್ಚಿಯ ವಂಶಾವಳಿ ಇದು.

ವಸಂತ ಕೇಳಿದ ಪ್ರಶ್ನೆ

ಗಂಡ ಸತ್ತ ವರ್ಷವೇ 'ಹಿಜ್ರೊನ್ ಕುನ್ಲರಿದ' (ಅಗಲಿಕೆಯ ದಿನಗಳಲ್ಲಿ) ಸಂಕಲನ ಬಂತು. ಆದರೆ ಇಡೀ ನಾಡು ಬಾಯಿಪಾಠ ಮಾಡಿಕೊಂಡದ್ದು 1945ರ 'ಬಹೋರ್ ಕೆಲ್ದಿ ಸೆನಿ ಸೊರೊಕ್ಲಾಬ್', ಅಂದರೆ 'ನಿನ್ನನ್ನು ವಿಚಾರಿಸುತ್ತ ವಸಂತ ಬಂತು'. ಇದರ ಒಳರಚನೆಯನ್ನು ಕೊಂಚ ಬಿಡಿಸಿ ನೋಡಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮಧ್ಯ ಏಷ್ಯಾದ ತುರ್ಕಿ ನುಡಿಗಳ ಕಾವ್ಯಕ್ಕೆ ಎರಡು ಛಂದೋಮಾರ್ಗಗಳಿವೆ. ಪರ್ಷಿಯನ್ನಿನಿಂದ ಬಂದ ಅರೂಜ್‌ನಲ್ಲಿ ನಮ್ಮ ಗುರು-ಲಘುವಿನಂತೆ ದೀರ್ಘ-ಹ್ರಸ್ವದ ವಿನ್ಯಾಸವೇ ಲೆಕ್ಕ. ಜನಪದದ 'ಬರ್ಮೊಕ್'ನಲ್ಲಿ ಸಾಲಿಗೆ ಇಷ್ಟು ಅಕ್ಷರ ಎಂದು ಬೆರಳು ಮಡಚಿ ಎಣಿಸಿದರೆ ಮುಗಿಯಿತು. ನಮ್ಮ ತ್ರಿಪದಿ, ಸಾಂಗತ್ಯಗಳ ಮೂಲರೂಪದಲ್ಲಿ ಇರುವ ಅಂಶಗಳ ಸಡಿಲಿಕೆ ಕೂಡ ಇಲ್ಲಿಲ್ಲ. ಜುಲ್ಫಿಯಾ ಹಿಡಿದದ್ದು ಬರ್ಮೊಕ್. ಈ ಕವಿತೆಯ ಆರಂಭದ ಸಾಲುಗಳಲ್ಲಿ ಹನ್ನೊಂದು ಅಕ್ಷರ, ಆರರ ಮೇಲೆ ಒಂದು ನಿಲುಗಡೆ, ಮತ್ತೆ ಐದು. ಈ ಆರು-ಐದರ ನಡಿಗೆ ಜನಪದ ಹಾಡಿನಲ್ಲಿ ಬಳಸಿ ಬಳಸಿ ಸವೆದದ್ದು. ಹಾಗಾಗಿ ಓದು ಬಾರದ ಹೆಂಗಸರ ಕಿವಿಗೂ ಅದು ಒಂದೇ ಕೇಳಿಕೆಗೆ ದಕ್ಕಿತು. ಅರೂಜ್‌ನಲ್ಲಿ ಬರೆದಿದ್ದರೆ ಅದೇ ಶೋಕ ವಿದ್ವಾಂಸರ ಪಾಲಾಗುತ್ತಿತ್ತು.

ಕಥನ ಸರಳ. ತಂಪು ಮುಂಜಾವುಗಳಲ್ಲಿ, ಬಾದಾಮಿ ಹೂವಿನಲ್ಲಿ ವಸಂತ ಬಂದಿದೆ. ಸತ್ತವನಿಗೆ ಏಪ್ರಿಕಾಟ್ ಹೂವೆಂದರೆ ಮರುಳು. ಓಲಿಮ್‌ಜಾನ್ ಅವರ ಅತ್ಯಂತ ಪ್ರಸಿದ್ಧ ಕವಿತೆಯೇ ಕಿಟಕಿಯಾಚೆ ಏಪ್ರಿಕಾಟ್ ಅರಳಿದ್ದನ್ನು ಕುರಿತದ್ದು, ಆದ್ದರಿಂದ ಉಜ್ಬೆಕ್ ಓದುಗನಿಗೆ ಇಲ್ಲಿ ಹೆಸರು ಹೇಳುವ ಅಗತ್ಯವೇ ಬೀಳುವುದಿಲ್ಲ. ವಸಂತ ಚಳಿಗಾಲದ ಕೊರಳಪಟ್ಟಿ ಹಿಡಿದು ಅವನೆಲ್ಲಿ ಎಂದು ಕೇಳುತ್ತದೆ. ಚಳಿಗಾಲ ಅತ್ತು ಸರಿದುಹೋಗುತ್ತದೆ. ತಂಗಾಳಿಯಾಗಿ ಅವನು ಓಡಾಡಿದ ತೋಟಗಳನ್ನೆಲ್ಲ ಜಾಲಾಡುತ್ತದೆ. ಕೊನೆಗೆ ವಿಧವೆಯ ಮುಂದೆ ನಿಂತು ಕೇಳುತ್ತದೆ: ಆ ಕನಸುಗಣ್ಣಿನ ಹಾಡುಗಾರ ಎಲ್ಲಿ, ನೀನೇಕೆ ಕಪ್ಪು ಉಟ್ಟಿದ್ದೀಯ, ಕೂದಲಲ್ಲೇಕೆ ಬಿಳಿ?

ಇದರಲ್ಲಿ ದೇವರಿಲ್ಲ, ಸ್ವರ್ಗವಿಲ್ಲ, ಮಸೀದಿಯ ಪ್ರಾರ್ಥನೆಯಿಲ್ಲ. ಪಕ್ಷವೂ ಇಲ್ಲ. ಅಳು ಶುರುಮಾಡುವುದು ವಿಧವೆಯಲ್ಲ, ಋತು. ಅವಳದು ಬರೀ ಉತ್ತರ. ಧಾರ್ಮಿಕ ಶೋಕ ಎಂದು ಹಿಡಿಯಲು ಸೆನ್ಸಾರಿಗೆ ಪದ ಸಿಗುವುದಿಲ್ಲ, ನಿರಾಶಾವಾದ ಎನ್ನಲು ವಿಮರ್ಶಕನಿಗೂ ಸುಲಭವಲ್ಲ. ಅದು ಲೆಕ್ಕ ಹಾಕಿ ಬರೆದದ್ದು ಎನ್ನುತ್ತಿಲ್ಲ. ಅದರ ಮೈಕಟ್ಟೇ ಹಾಗಿತ್ತು.

ಸಮಯವೂ ಕೂಡಿಬಂತು. 1945ರ ವಸಂತದಲ್ಲಿ ಉಜ್ಬೆಕ್ ಹಳ್ಳಿಗಳ ತುಂಬ ಯುದ್ಧದ ವಿಧವೆಯರು. ಅವರಿಗೆ ಬಂದಿದ್ದದ್ದು ನಾಲ್ಕು ಬೆರಳಗಲದ ಸಾವಿನ ಚೀಟಿ, ಶವವಿಲ್ಲ, ಗೋರಿಯಿಲ್ಲ. ಓಲಿಮ್‌ಜಾನ್ ರಣರಂಗದಲ್ಲಿ ಸತ್ತವರಲ್ಲ. ಆದರೂ ಕವಿತೆಯಲ್ಲಿ ಸಾವಿನ ಕಾರಣ ಹೇಳಿಲ್ಲವಾದ್ದರಿಂದ ಪ್ರತಿ ಹೆಂಗಸೂ ಅದನ್ನು ತನ್ನದೆಂದು ಓದಬಹುದಿತ್ತು, ಓದಿದರು. ಆ ಓದುಗಿಯರೇ ಮುಂದೆ ಪತ್ರಿಕೆಯ ಚಂದಾದಾರರು.

1946ರಿಂದ 1953: ಇಕ್ಕಟ್ಟಿನ ಏಳು ವರ್ಷ

1946ರ ಆಗಸ್ಟ್ 14ರಂದು ಮಾಸ್ಕೋದಲ್ಲಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಲೆನಿನ್‌ಗ್ರಾದ್‌ನ ಎರಡು ಪತ್ರಿಕೆಗಳ ವಿರುದ್ಧ ನಿರ್ಣಯ ಹೊರಡಿಸಿತು. ರಷ್ಯನ್ ಕವಿ ಅನ್ನಾ ಅಖ್ಮಾತೋವಾ ಮತ್ತು ವಿಡಂಬನಕಾರ ಜೊಶ್ಚೆಂಕೊ ಗುರಿ. ಖಾಸಗಿ ದುಃಖ, ಒಂಟಿತನ, ಪ್ರೇಮ ಬರೆಯುವುದೇ ಅಪರಾಧವೆಂಬ ದನಿ ಅದರಲ್ಲಿತ್ತು. ಯುದ್ಧಕಾಲದಲ್ಲಿ, 1941ರ ಕೊನೆಯಿಂದ 1944ರ ಮೇವರೆಗೆ, ಅಖ್ಮಾತೋವಾ ನಿರಾಶ್ರಿತೆಯಾಗಿ ಇದ್ದದ್ದು ತಾಶ್ಕೆಂಟ್‌ನಲ್ಲೇ. ಅಲ್ಲಿನ ಲೇಖಕರಿಗೆ ಈ ನಿರ್ಣಯ ದೂರದ ಸುದ್ದಿಯಾಗಿರಲಿಲ್ಲ.

ಜುಲ್ಫಿಯಾ ಅವರ ಮುಂದಿನ ಮುಖ್ಯ ಪುಸ್ತಕ 1948ರ 'ದಲದ ಬಿರ್ ಕುನ್' (ಹೊಲದಲ್ಲಿ ಒಂದು ದಿನ). ವಿಷಯ ಹತ್ತಿ ಬೆಳೆ, ಸಾಮೂಹಿಕ ಬೇಸಾಯ, ದುಡಿಯುವ ಹೆಂಗಸರು. ನಿರ್ಣಯಕ್ಕೂ ಈ ತಿರುವಿಗೂ ಸಂಬಂಧ ಇಲ್ಲವೆನ್ನುವುದು ಕಷ್ಟ. ಅಲ್ಲಿನ ಹೆಂಗಸರು ಸದಾ ನಗುತ್ತಾರೆ, ಬೆನ್ನುನೋವು ಎನ್ನುವುದು ಅವರಿಗಿಲ್ಲ. ಛಂದಸ್ಸು ಅದೇ, ಕೈಚಳಕ ಅದೇ, ಸಾಲುಗಳಲ್ಲಿ ಜೀವ ಮಾತ್ರ ಇಲ್ಲ. 1944-45ರ ಪದ್ಯಗಳ ಪಕ್ಕದಲ್ಲಿಟ್ಟರೆ ಒಂದೇ ಕೈ ಬರೆದದ್ದು ಎಂದು ನಂಬುವುದು ಕಷ್ಟ.

ಅಪಾಯ ಅಲ್ಲಿಗೂ ಮುಗಿಯಲಿಲ್ಲ. ಜಾನಪದ ಹಾಡುಗಾರ ಫಾಜಿಲ್ ಯುಲ್ದಾಶ್ ಒಗ್ಲಿ ಹೇಳಿದ 'ಅಲ್ಪೊಮಿಶ್' ಮಹಾಕಾವ್ಯವನ್ನು 1939ರಲ್ಲಿ ಮೊದಲ ಬಾರಿ ಪುಸ್ತಕವಾಗಿ ಸಿದ್ಧಪಡಿಸಿದವರು ಓಲಿಮ್‌ಜಾನ್. 1952ರಲ್ಲಿ ಅದನ್ನು ಊಳಿಗಮಾನ್ಯ, ಮತಾಂಧ ಕೃತಿ ಎಂದು ಪತ್ರಿಕೆಗಳಲ್ಲಿ ಹಣಿದರು. ಅದೇ ವರ್ಷ ನೆರೆಯ ಕಿರ್ಗಿಜ್ ನಾಡಿನ 'ಮನಾಸ್' ಕೂಡ ಫ್ರುಂಜೆಯಲ್ಲಿ, ಇಂದಿನ ಬಿಷ್ಕೆಕ್‌ನಲ್ಲಿ, ಇಂಥದೇ ವಿಚಾರಣೆ ಎದುರಿಸಿತು. ಕಿರ್ಗಿಜರು ಪಟ್ಟು ಹಿಡಿದು ಅದನ್ನು ಉಳಿಸಿಕೊಂಡರು. ಅಲ್ಪೊಮಿಶ್ ಮಾನ ಮರಳಿ ಪಡೆಯಲು 1956 ಬರಬೇಕಾಯಿತು. ಇದೇ ಅಲೆಯಲ್ಲಿ ಕವಿ ಮಕ್ಸುದ್ ಶೇಖ್‌ಜಾದಾ, ಲೇಖಕ ಸೈದ್ ಅಹ್ಮದ್ ಜೈಲು ಸೇರಿದರು. ಸೈದ್ ಅಹ್ಮದ್ ಅವರ ಹೆಂಡತಿ ಸೈದಾ ಜುನ್ನುನೋವಾ ಕೂಡ ಕವಿ, ಜುಲ್ಫಿಯಾಗಿಂತ ಹನ್ನೊಂದು ವರ್ಷ ಕಿರಿಯರು. ಅವರ ಗಂಡ ಬದುಕಿದ್ದ, ಆದರೆ 'ಜನತೆಯ ಶತ್ರು'. ಜುಲ್ಫಿಯಾ ಅವರ ಗಂಡ ಸತ್ತಿದ್ದ, ಆದರೆ ಮಾನ್ಯ ಕವಿ. ಸತ್ತ ಗಂಡನಿಗಾಗಿ ಬಹಿರಂಗವಾಗಿ ಅಳಲು ಪರವಾನಗಿ ಇತ್ತು, ಜೈಲಿನಲ್ಲಿರುವವನಿಗಾಗಿ ಇರಲಿಲ್ಲ. ಈ ಒಂದು ವ್ಯತ್ಯಾಸದ ಮೇಲೆ ಎರಡು ಬರವಣಿಗೆಗಳ ಹಾದಿ ಕವಲಾಯಿತು.

1953ರ ಮಾರ್ಚ್‌ನಲ್ಲಿ ಸ್ಟಾಲಿನ್ ಸತ್ತರು. ಮೂರು ವರ್ಷದಿಂದ ಪತ್ರಿಕೆಯಲ್ಲಿ ವಿಭಾಗ ನೋಡಿಕೊಳ್ಳುತ್ತಿದ್ದ ಜುಲ್ಫಿಯಾ ಅದೇ ವರ್ಷ ಪ್ರಧಾನ ಸಂಪಾದಕಿಯಾದರು.

ಸಂಚಿಕೆಯೊಂದು ಹೊರಬರುವ ಬಗೆ

ಸೋವಿಯತ್ ಪತ್ರಿಕೆಯ ಪ್ರಧಾನ ಸಂಪಾದಕ ಎಂದರೆ ಮಾಲೀಕನ ಕೆಳಗಿನ ಸಂಪಾದಕನಲ್ಲ. ಅದು ಪಕ್ಷದ ಕೇಂದ್ರ ಸಮಿತಿ ಒಪ್ಪಿ ತುಂಬುವ ಹುದ್ದೆ. ವರ್ಷದ ವಿಷಯ ಯೋಜನೆಗೆ ಮೊದಲೇ ಮಂಜೂರಾತಿ ಬೇಕು. ಆಮೇಲೆ ಬರಹ, ಜೋಡಣೆ, ಕರಡಚ್ಚು. 1922ರಲ್ಲಿ ಹುಟ್ಟಿದ ಸೆನ್ಸಾರ್ ಇಲಾಖೆ 'ಗ್ಲಾವ್‌ಲಿತ್' ಎರಡು ಸಲ ಕೈಹಾಕುತ್ತಿತ್ತು: ಪುಟ ಕಟ್ಟಿದ ಕರಡಿನ ಮೇಲೆ 'ಮುದ್ರಿಸಬಹುದು' ಎಂಬ ಮೊಹರು, ಮೊದಲ ಮಾದರಿ ಪ್ರತಿಯ ಮೇಲೆ 'ಹೊರಬಿಡಬಹುದು' ಎಂಬ ಇನ್ನೊಂದು. ಎರಡನೆಯದು ಸಿಗುವವರೆಗೆ ಅಚ್ಚಾದ ರಾಶಿ ಗೋದಾಮಿನಲ್ಲೇ. ಹಳೆಯ ಸೋವಿಯತ್ ಪುಸ್ತಕ ಮನೆಯಲ್ಲಿದ್ದರೆ ಕೊನೆ ಪುಟದ ಸಣ್ಣಕ್ಷರ ನೋಡಿ. ಜೋಡಣೆಗೆ ಕೊಟ್ಟ ದಿನ, ಮುದ್ರಣಕ್ಕೆ ಸಹಿಯಾದ ದಿನ, ಕಾಗದದ ಅಳತೆ, ಪ್ರತಿಗಳ ಸಂಖ್ಯೆ, ಬೆಲೆ ಎಲ್ಲ ಅಲ್ಲಿರುತ್ತದೆ. ಬಹಳ ಪುಸ್ತಕಗಳಲ್ಲಿ ಒಂದು ಅಕ್ಷರ ಮತ್ತು ಐದಂಕಿಯ ಸೆನ್ಸಾರ್ ಗುರುತೂ ಇರುತ್ತದೆ. ಜೋಡಣೆಗೂ ಸಹಿಗೂ ನಡುವೆ ತಿಂಗಳುಗಟ್ಟಲೆ ಅಂತರ ಕಂಡರೆ ಎಲ್ಲೋ ಏನೋ ತಕರಾರಾಗಿತ್ತು ಎಂದು ಅನುಮಾನಿಸಬಹುದು. ಸೋವಿಯತ್ ಪ್ರಕಟಣೆಗಳನ್ನು ಅಭ್ಯಾಸ ಮಾಡುವವರು ಮೊದಲು ಬಿಡಿಸುವುದು ಆ ಪುಟವನ್ನೇ.

ಈ ಯಂತ್ರದೊಳಗೆ ಸಂಪಾದಕಿಯ ಕೈಗೆ ಉಳಿಯುವುದೇನು? ಮುಖಲೇಖನ ಪಕ್ಷದ ನಿರ್ಣಯಕ್ಕೆ ಮೀಸಲು, ಅದರಲ್ಲಿ ಆಯ್ಕೆಯಿಲ್ಲ. ಮುಂದೆ ದುಡಿಮೆಯ ವೀರವನಿತೆಯರ ವ್ಯಕ್ತಿಚಿತ್ರ: ಹತ್ತಿ ಬಿಡಿಸುವ ಯಂತ್ರ ಓಡಿಸಿ ಎರಡು ಬಾರಿ 'ಸಮಾಜವಾದಿ ದುಡಿಮೆಯ ವೀರ' ಬಿರುದು ಪಡೆದ ತುರ್ಸುನೊಯ್ ಆಖುನೋವಾರಂಥವರು. ಹಿಂದಿನ ಪುಟಗಳಲ್ಲಿ ಬಾಣಂತಿ ಆರೈಕೆ, ಮಕ್ಕಳ ಕಾಯಿಲೆ, ಕಾನೂನು ಸಲಹೆ, ಕಸೂತಿ, ಅಡುಗೆ. ಓದುಗಿಯರು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದದ್ದು ಈ ಹಿಂದಿನ ಪುಟಗಳನ್ನು. ನಡುವಿನ ಕಥೆ-ಕವಿತೆಯ ಜಾಗ ಮಾತ್ರ ನಿಜವಾಗಿ ಸಂಪಾದಕಿಯದು. ಹೊಸ ಹುಡುಗಿಯರ ಪದ್ಯ ಮೊದಲು ಅಚ್ಚಾಗಬೇಕಾದರೆ ಸಾಹಿತ್ಯ ಪತ್ರಿಕೆಯ ಬಾಗಿಲಿಗಿಂತ ಈ ಬಾಗಿಲು ಹಗುರಾಗಿತ್ತು. ತೀರ್ಪು ಕೊಡುವವರು ಸ್ವತಃ ಕವಿ ಎಂಬುದು ಹೊಸಬರಿಗೆ ಚಿಕ್ಕ ವಿಷಯವಲ್ಲ.

ಇನ್ನೊಂದು ಕೆಲಸ ಕಾಗದಗಳದ್ದು. ಸೋವಿಯತ್ ಪತ್ರಿಕೆಗಳಲ್ಲಿ ಓದುಗರ ಪತ್ರಗಳಿಗೇ ಒಂದು ವಿಭಾಗ. ಬಂದ ಪ್ರತಿ ಕಾಗದಕ್ಕೂ ನಮೂದು, ಚೀಟಿ. ದೂರಾಗಿದ್ದರೆ ಸಂಬಂಧಪಟ್ಟ ಜಿಲ್ಲೆಯ ಕಚೇರಿಗೆ ರವಾನೆ. 1968ರ ಏಪ್ರಿಲ್‌ನ ಆದೇಶದ ನಂತರ ಇಂಥ ಅರ್ಜಿಗಳಿಗೆ ಸಾಮಾನ್ಯವಾಗಿ ಒಂದು ತಿಂಗಳ ಗಡುವು. ಗಂಡ ಹೊಡೆದ, ಮಾವ ಕೆಲಸಕ್ಕೆ ಬಿಡಲಿಲ್ಲ, ಹುಡುಗಿಯನ್ನು ಎಂಟನೇ ತರಗತಿಗೆ ಬಿಡಿಸಿ ಮದುವೆ ಮಾಡಿದರು ಎಂಬ ಬಗೆಯ ದೂರುಗಳು ಈ ದಾರಿಯಲ್ಲಿ ಸಾಗುತ್ತಿದ್ದವು. ವ್ಯವಸ್ಥೆಯ ದೋಷ ಗೊತ್ತಿದ್ದದ್ದೇ: ದೂರು ಹೋಗಿ ಸೇರುತ್ತಿದ್ದದ್ದು ಯಾರ ಮೇಲೆ ದೂರೋ ಅವರ ನೆಂಟನ ಮೇಜಿಗೆ. ಆದರೂ ತಾಶ್ಕೆಂಟ್‌ನಿಂದ ಬಂದ ಲಕೋಟೆಗೆ ಒಂದು ಹೆದರಿಕೆ ಇತ್ತು.

ಒಬ್ಬ ಗಂಡನನ್ನು 'ಹಿಂದುಳಿದ ಮನುಷ್ಯ' ಎಂದು ಅಚ್ಚಿನಲ್ಲಿ ಬಯ್ಯಬಹುದಿತ್ತು, ಸರ್ಕಾರ ಹೇರಿದ ಹತ್ತಿ ಉತ್ಪಾದನೆಯ ಗುರಿಯನ್ನು ಬಯ್ಯುವಂತಿರಲಿಲ್ಲ. ಎಲೆ ಉದುರಿಸಲು ಹೊಲದ ಮೇಲೆ ಸುರಿಯುತ್ತಿದ್ದ ಬುಟಿಫಾಸ್ ಎಂಬ ವಿಷ ನಿಷೇಧವಾದದ್ದು 1987ರಲ್ಲಿ. ಅಲ್ಲಿಯವರೆಗೆ ಅದೇ ಹೊಲದಲ್ಲಿ ಬಸುರಿಯರೂ ಶಾಲೆ ಮಕ್ಕಳೂ ಹತ್ತಿ ಬಿಡಿಸಿದರು. ಹಳ್ಳಿಯ ಹೆಂಗಸರು ಮೈಗೆ ಬೆಂಕಿ ಹಚ್ಚಿಕೊಂಡು ಸಾಯುವ ವಿಷಯವೂ ಪತ್ರಿಕೆಗಳಲ್ಲಿ ಬಯಲಿಗೆ ಬಂದದ್ದು 1980ರ ದಶಕದ ಕೊನೆಯ ಮುಕ್ತತೆಯ ದಿನಗಳಲ್ಲಿ. ಜುಲ್ಫಿಯಾ ಅಷ್ಟರಲ್ಲಿ ಕುರ್ಚಿ ಬಿಟ್ಟಿದ್ದರು. ಅವರು ಕುರ್ಚಿಯಲ್ಲಿದ್ದಷ್ಟು ಕಾಲ ಹೆಂಗಸರ ಪತ್ರಿಕೆ ಹೆಂಗಸರ ಅತಿ ದೊಡ್ಡ ಎರಡು ಸಂಕಟಗಳನ್ನು ಹೇಳಲಾರದೆ ನಡೆಯಿತು. ಇದಕ್ಕೆ ಸಂಪಾದಕಿಯೊಬ್ಬರೇ ಹೊಣೆಯಲ್ಲ, ಪೂರ್ತಿ ಹೊರಗೂ ಅಲ್ಲ.

ದೆಹಲಿ

1956ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಏಷ್ಯಾದ ಲೇಖಕರ ಸಮ್ಮೇಳನ ನಡೆದಾಗ ಸೋವಿಯತ್ ತಂಡದಲ್ಲಿ ಜುಲ್ಫಿಯಾ ಇದ್ದರು. ಅಲ್ಲಿನ ಕವಿಗೋಷ್ಠಿಯ ಅನುಭವ 'ಮುಶೊಯಿರಾ' ಎಂಬ ಕವಿತೆಯಾಯಿತು. ಪರ್ಷಿಯನ್-ಅರಬ್ಬಿ ಮೂಲದ ಆ ಪದ ನಮ್ಮ ಮುಶಾಯಿರಾವೇ. 1958ರ ಅಕ್ಟೋಬರ್‌ನಲ್ಲಿ ಆಫ್ರೋ-ಏಷ್ಯನ್ ಲೇಖಕರು ತಾಶ್ಕೆಂಟ್‌ನಲ್ಲೇ ಸೇರಿದರು. ಅಮೃತಾ ಪ್ರೀತಮ್ ಜೊತೆ ಬೆಳೆದ ಗೆಳೆತನ ಈ ಓಡಾಟಗಳ ಫಲ. ಅಮೃತಾ ಅವರ ಕವಿತೆಗಳನ್ನು ಜುಲ್ಫಿಯಾ ಉಜ್ಬೆಕ್ಕಿಗೆ ತಂದರು. 1968ರಲ್ಲಿ ನೆಹರೂ ಹೆಸರಿನ ಪ್ರಶಸ್ತಿ, 1970ರಲ್ಲಿ ಆಫ್ರೋ-ಏಷ್ಯನ್ ಲೇಖಕರ 'ಲೋಟಸ್' ಬಂದವು. ಸೋವಿಯತ್ ಸಾಂಸ್ಕೃತಿಕ ರಾಯಭಾರದ ಲೆಕ್ಕದಲ್ಲಿ, ಮುಖ ತೆರೆದ, ಮುಸ್ಲಿಂ ಹೆಸರಿನ, ಸ್ವಂತ ಪ್ರತಿಭೆಯ ಮಹಿಳಾ ಕವಿ ಬಹಳ ಉಪಯುಕ್ತ ಪ್ರತಿನಿಧಿ. ಅದು ಅವರಿಗೆ ತಿಳಿಯದೆ ಇರಲಿಲ್ಲ. ಆದರೆ 'ಮುಶೊಯಿರಾ'ದಲ್ಲಿ ಉತ್ಸಾಹ ನಟನೆಯೆನಿಸುವುದಿಲ್ಲ. ಹೊಲದ ಕವಿತೆಗಳಿಗೆ ಬಾರದ ಉಸಿರು ದೆಹಲಿಯ ರಾತ್ರಿಗೆ ಬಂದಿದೆ.

ಉಳಿದ ಪದಕಗಳನ್ನು ಬೇಗ ಹೇಳಿಬಿಡಬಹುದು: 1965ರಲ್ಲಿ ಉಜ್ಬೆಕಿಸ್ತಾನದ ಜನತೆಯ ಕವಿ, 1977ರಲ್ಲಿ ಸೋವಿಯತ್ ರಾಜ್ಯ ಪ್ರಶಸ್ತಿ, 1984ರಲ್ಲಿ ಸಮಾಜವಾದಿ ದುಡಿಮೆಯ ವೀರ. ಈ ಅವಧಿಯ ಉದ್ದಕ್ಕೂ ಗಂಡನ ಕೃತಿಗಳ ಕೆಲಸವೂ ನಡೆದೇ ಇತ್ತು. ಅವರ 'ಜೈನಬ್ ಮತ್ತು ಓಮೊನ್' ಕಥನಕಾವ್ಯವನ್ನು ಒಪೆರಾ ಸಾಹಿತ್ಯವಾಗಿ ಹೊಂದಿಸಿಕೊಟ್ಟವರು ಇವರೇ. ಪ್ರಧಾನ ಸಂಪಾದಕಿಯಾಗಿದ್ದದ್ದರಿಂದ ಓಲಿಮ್‌ಜಾನ್ ಹೆಸರು ಮಸುಕಾಗದಂತೆ ನೋಡಿಕೊಳ್ಳಲು ಕೈಗೆಟುಕಿದ ಸಾಧನಗಳು ಸಾಮಾನ್ಯ ವಿಧವೆಯೊಬ್ಬಳಿಗೆ ಎಂದೂ ಸಿಗುವಂಥವಲ್ಲ.

1991ರ ನಂತರ, ಮತ್ತು ಓದುವವರಿಗೆ

ಸೋವಿಯತ್ ಒಕ್ಕೂಟ ಒಡೆದ ಮೇಲೆ ಪದಕ ತೊಟ್ಟ ಎಷ್ಟೋ ಲೇಖಕರು ಶಾಲಾ ಪಠ್ಯದಿಂದ ಕಾಣೆಯಾದರು. 1996ರಲ್ಲಿ ತೀರಿಕೊಂಡ ಜುಲ್ಫಿಯಾ ಉಳಿದರು. 1999ರಲ್ಲಿ ಸ್ವತಂತ್ರ ಉಜ್ಬೆಕಿಸ್ತಾನ ಪ್ರತಿಭಾವಂತ ಯುವತಿಯರಿಗೆ ಅವರ ಹೆಸರಿನಲ್ಲೇ ರಾಜ್ಯ ಪ್ರಶಸ್ತಿ ಸ್ಥಾಪಿಸಿತು. ಉಳಿಸಿದ್ದು ಬರ್ಮೊಕ್‌ನ ಆ ಪದ್ಯಗಳು. ಅವುಗಳಲ್ಲಿ ಪಕ್ಷವೂ ಇರಲಿಲ್ಲ, ಒಕ್ಕೂಟವೂ ಇರಲಿಲ್ಲ. ಹೊಸ ಸರ್ಕಾರ ಒಂದಕ್ಷರ ತಿದ್ದದೆ ಅವನ್ನು ಮಕ್ಕಳಿಗೆ ಕಲಿಸಬಹುದಿತ್ತು. ಗಂಡನಿಗೆ ಜೀವಮಾನವಿಡೀ ನಿಷ್ಠೆ ಎಂಬ ಅಂಶ ಹೊಸ ರಾಷ್ಟ್ರದ ಗೃಹಿಣಿ ಆದರ್ಶಕ್ಕೂ ಹೊಂದಿತು. ಪತ್ರಿಕೆಯ ಗಟ್ಟಿಗಿತ್ತಿ ಸಂಪಾದಕಿ ಈ ಹೊಸ ಚಿತ್ರದಲ್ಲಿ ಹಿಂದೆ ಸರಿದದ್ದು ಹಾಗೆ.

ಅವರನ್ನು ಕನ್ನಡಕ್ಕೆ ತರಲು ಯಾರಾದರೂ ಹೊರಟರೆ ಲಿಪಿಯ ತೊಡಕು ಮೊದಲು ಎದುರಾಗುತ್ತದೆ. ಉಜ್ಬೆಕ್ ಒಂದೇ ಶತಮಾನದಲ್ಲಿ ಅರಬ್ಬಿ ಲಿಪಿಯಿಂದ 1929ರ ಹೊತ್ತಿಗೆ ಲ್ಯಾಟಿನ್‌ಗೆ, 1940ರಲ್ಲಿ ಸಿರಿಲಿಕ್‌ಗೆ, 1993ರ ಕಾನೂನಿನಿಂದ ಇನ್ನೊಂದು ಬಗೆಯ ಲ್ಯಾಟಿನ್‌ಗೆ ಹೋಯಿತು. ಮೊದಲ ಸಂಕಲನ ಅಚ್ಚಾದ 1932ರ ಲ್ಯಾಟಿನ್‌ನಲ್ಲಿ ಒಂಬತ್ತು ಸ್ವರಾಕ್ಷರ; 1934ರ ಸುಧಾರಣೆ ಅವನ್ನು ಆರಕ್ಕೆ ಇಳಿಸಿತು. ಹಾಗಾಗಿ ಆ ಪುಸ್ತಕದ ಪ್ರಾಸಗಳು ಈಗಿನ ಕಾಗುಣಿತದಲ್ಲಿ ಬೇರೆಯಾಗಿ ಕಾಣುತ್ತವೆ. ಅಂತರ್ಜಾಲದ ಹೊಸ ಲ್ಯಾಟಿನ್ ಪಠ್ಯಗಳಲ್ಲಿ 'ಒ' ಅಕ್ಷರದ ಪಕ್ಕದ ಮೇಲ್ಗುರುತು ಪದೇಪದೇ ಬಿದ್ದುಹೋಗಿರುತ್ತದೆ, ಆಗ ಬೆಂಕಿ ಇದ್ದಲ್ಲಿ ಕುದುರೆ ಬಂದು ನಿಲ್ಲುತ್ತದೆ. ಸೋವಿಯತ್ ಕಾಲದ ಸಿರಿಲಿಕ್ ಆವೃತ್ತಿ ಪಕ್ಕದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ರಷ್ಯನ್ ಅನುವಾದದಿಂದ ಅನುವಾದಿಸಿದರೆ ಆರು-ಐದರ ನಿಲುಗಡೆ ಕೈತಪ್ಪುತ್ತದೆ, ರಷ್ಯನ್ ಛಂದಸ್ಸು ನಿಂತಿರುವುದು ಒತ್ತಿನ ಮೇಲೆ. 1944-45ರ ಕವಿತೆಗಳನ್ನು ಮೊದಲು, 'ಮುಶೊಯಿರಾ'ವನ್ನು ಆಮೇಲೆ ಎತ್ತಿಕೊಳ್ಳಬಹುದು. ಹತ್ತಿ ಹೊಲದ ಪುಸ್ತಕದಿಂದ ಒಂದೆರಡು ಸಾಕು, ಆದರೆ ಅವು ಇರಲೇಬೇಕು.